ನೋಡಲಿಕ್ಕಷ್ಟೇ ಇರುವ ಮಸಿ ಅರಿವಿ

ಬಲಗೈ ಹೆಬ್ಬೆರಳಿಗೆ ಮುಲಾಮು ಮೆತ್ತಿಕೊಂಡು ಇದನ್ನು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಬೈಯಬೇಡಿ, ಬೈಯಲೇಬೇಕಿದ್ದರೆ ನಮ್ಮ ಅಡುಗೆಮನೆ ಗೋಡೆಯನ್ನು ಬೈಯಿರಿ.

ಬೆಳಿಗ್ಗೆ ಹಾಲು ಉಕ್ಕುವುದರಲ್ಲಿತ್ತು. ಒಲೆ ಪಕ್ಕದ ಗೋಡೆಗೆ ಪಾತ್ರೆ ಹಿಡಿಯುವ ಬಟ್ಟೆಗಳು ಸಾಲಾಗಿ ನೇತಾಡುತ್ತಿವೆ, ಒಂದಕ್ಕಿಂತ ಒಂದು ಚಂದ. ಕೈ ಹಾಕಿದ್ದೇ ತಡ, ಪಡಸಾಲೆಯಿಂದ ನಮ್ಮವಳ ಕೂಗು. "ಅದಲ್ಲರೀ! ಅದು ಖಣದ್ದು!" ಪಕ್ಕದ್ದಕ್ಕೆ ಕೈ ಹೋಯಿತು. "ಅದಂತೂ ಬ್ಯಾಡೇ ಬ್ಯಾಡ, ಇಳಕಲ್ ಸೆರಗು!" ಗೋಡೆಯಾಚೆ ಕೂತವಳಿಗೆ ನನ್ನ ಕೈ ಎಲ್ಲಿದೆ ಅಂತ ಹೇಗೆ ತಿಳಿಯುತ್ತದೋ! ಕೊನೆಗೆ ಸಿಂಕಿನ ಮೇಲಿದ್ದ ಹಳೇ ಮಸಿ ಅರಿವಿಯೇ ಗತಿ. ಅದೋ, ಸದಾ ಒದ್ದೆ. ಒಣಗಿದ ಬಟ್ಟೆಯಲ್ಲಿ ಎಳೆಗಳ ನಡುವಿನ ಗಾಳಿ ಬಿಸಿ ತಡೆಯುತ್ತದೆ. ಆ ಜಾಗದಲ್ಲಿ ನೀರು ಕೂತರೆ ಬಿಸಿ ಸರಕ್ಕನೆ ಕೈಗೆ ದಾಟುತ್ತದೆ. ಇದು ನನಗೂ ಗೊತ್ತು, ನನ್ನ ಹೆಬ್ಬೆರಳಿಗೂ ಗೊತ್ತು. ಆದರೆ ಮನೆಯಲ್ಲಿ ನಮ್ಮ ಮಾತು ನಡೆಯಬೇಕಲ್ಲ?

ಇವನ್ನು ಹೊಲಿಯುವ ಅವಳ ಕಸುಬು ಶುರುವಾಗಿದ್ದು ಜಂಪರ್ ಹೊಲಿದು ಉಳಿದ ಪಟ್ಟಿಗಳಿಂದ. ನಮ್ಮವಳ ತವರು ಹಳಿಯಾಳ. ಆ ಕಡೆ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಹೊರ ಅಂಚಿನಿಂದ ಹಿಡಿದು ಸುತ್ತುತ್ತ ಒಳಗೆ ಹೊಲಿಯುತ್ತ ಹೋಗುತ್ತಾರೆ. ಮೂಲೆಗಳಿಗೆ ಮಡಚಿದ ಚೂರುಗಳಿಂದ ಹೂವು ಇಡುತ್ತಾರೆ. ಇವಳು ಅದನ್ನೇ ಅಂಗೈಯಗಲಕ್ಕೆ ಇಳಿಸಿದ್ದಾಳೆ. ಒಳಗೆ ಹಳೇ ಟವೆಲ್ಲಿನ ಎರಡು ಪದರ. ಹಿಂಬದಿಗೆ ಹತ್ತಿ ಬಟ್ಟೆಯೇ ಆಗಬೇಕು, ಉಡಿಯಲ್ಲಿ ಬಂದ ಪಾಲಿಸ್ಟರ್ ಪೀಸು ಬಿಸಿಗೆ ಕರಗಿ ಪಾತ್ರೆಗೇ ಅಂಟುತ್ತದೆ ಅಂತ ನನಗೆ ಪಾಠವೂ ಆಗಿದೆ. ಬಿಸಿ ತಡೆಯಲೆಂದೇ ಇಷ್ಟೆಲ್ಲ ಯೋಚನೆ. ಹೊಲಿದ ಮೇಲೆ ಮಾತ್ರ ಬಿಸಿ ಪಾತ್ರೆಯ ಸನಿಹ ಸುಳಿಯಲೂ ಬಿಡುವುದಿಲ್ಲ. "ಎಣ್ಣಿ ಹತ್ತಿದ್ರ ಹೋಗಂಗಿಲ್ರೀ."

ಹೋಗಲಿ, ದಿನಬಳಕೆಗೆ ಒಂದು ಸಾದಾ ಹೊಲಿದುಕೊಡು ಎಂದೆ. ಒಪ್ಪಿದಳು. ನನ್ನ ಹಳೇ ನೀಲಿ ಗೆರೆ ಅಂಗಿಗೆ ಕತ್ತರಿ ಬಿತ್ತು. ಪಟ್ಟಿ ಕತ್ತರಿಸುವಾಗ ಜೇಬನ್ನು ಹಾಗೇ ಉಳಿಸಿದಳು. ಜೇಬಿನ ತಳದಲ್ಲಿ ನನ್ನ ಪೆನ್ನು ಸೋರಿ ಆದ ಕಲೆ, ಅಂಚಿಗೊಂದು ಗುಂಡಿ. ಜೇಬೊಳಗೆ ನಾಲ್ಕು ಬೆರಳು ತೂರಿಸಿದರೆ ಕುಕ್ಕರಿನ ಹಿಡಿ ಹಿಡಿಯಲು ಹೇಳಿ ಮಾಡಿಸಿದ ಹಾಗಿತ್ತು. ನಾನು ಬೆರಳು ತೂರಿಸಿ ನಿಂತಿದ್ದೆ. ಅವಳು ಸ್ವಲ್ಪ ದೂರ ಸರಿದು, ತಲೆ ವಾಲಿಸಿ ನೋಡಿದಳು. ಆ ನೋಟ ನನಗೆ ಗೊತ್ತು. "ಅಯ್ಯ, ಇದೂ ಚಲೋ ಬಂದದಲ್ರೀ!" ಅಂದವಳೇ ನನ್ನ ಕೈಯಿಂದ ಬಿಡಿಸಿಕೊಂಡು ಗೋಡೆಗೆ ಹೊಸ ಮೊಳೆ ಹೊಡೆದಳು.

"ಅದು ನನ್ನ ಅಂಗಿ ಕಣೇ!"

"ಆಗಿತ್ತು."

ಮೊನ್ನೆ ಬಂದ ಓಣಿಯ ಹೆಂಗಸರು ಆ ಜೇಬನ್ನು ಮುಟ್ಟಿ ಮುಟ್ಟಿ ಫೋಟೋ ತೆಗೆದುಕೊಂಡರು. ಅವರಿಗೆ ಮುಟ್ಟಬ್ಯಾಡ್ರೀ ಅಂತ ಯಾರೂ ಹೇಳಲಿಲ್ಲ.

ಅವ್ವ ಇದನ್ನೆಲ್ಲ ಕೂತಲ್ಲಿಂದಲೇ ನೋಡುತ್ತಾಳೆ. ಅವಳೂ ಹೊಲಿದವಳೇ. ಅಪ್ಪನ ಧೋತರ ಒಳಗೆ, ತನ್ನ ಹಳೇ ಸೀರೆ ಮೇಲೆ. ಆ ಕೌದಿಯಲ್ಲಿ ನಾವು ಹೊದ್ದು ಮಲಗಿದೆವು, ಜ್ವರಕ್ಕೆ ಬೆವತೆವು, ಮಾವಿನಹಣ್ಣಿನ ಕೈ ಒರೆಸಿದೆವು. ಹರಿದಲ್ಲಿ ಇನ್ನೊಂದು ತೇಪೆ ಹಚ್ಚುತ್ತಿದ್ದಳು, ಅಷ್ಟೇ. ಅಪ್ಪ ಹೋದ ಮೇಲೆ ಅವನ ಧೋತರ ಎಲ್ಲಿ ಎಂದು ಹುಡುಕಿದರೆ ಒಂದೂ ಇರಲಿಲ್ಲ, ಎಲ್ಲವೂ ಕೌದಿಯೊಳಗೆ ಸವೆದುಹೋಗಿದ್ದವು. ಈಗ ಅವಳಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ಗೋಡೆಯ ಕಡೆ ನೋಡಿ ಸುಮ್ನೆ ನಗುತ್ತಾಳೆ. ಸೊಸೆಯ ಪರವೋ ಮಗನ ಪರವೋ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ನನ್ನ ಕೈ ನಾನೇ ಕಾಯಬೇಕಲ್ಲ ಅಂತ ಮಂಗಳವಾರದ ಸಂತೆಯಿಂದ ಒಂದು ಇಕ್ಕಳ ತಂದಿಟ್ಟಿದ್ದೇನೆ. ಗಟ್ಟಿ ಸ್ಟೀಲು. ಹೊಲಿಯಲು ಬಾರದ, ಗೋಡೆಗೆ ಹಾಕಿದರೂ ಚಂದ ಕಾಣದ ವಸ್ತು ಅಂತ ನೆಮ್ಮದಿಯಿಂದಿದ್ದೆ. ಈಗಷ್ಟೇ ಬಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದರ ಹಿಡಿಕಿ ಕಾಯ್ತದಲ್ರೀ?" ಎಂದವಳು ಅಳತೆ ಟೇಪು ತರಲು ಹೋಗಿದ್ದಾಳೆ.