ಕಪ್ಪು ಕಾಯಿ ಬಂದವರ ಪಾಡು

ಚೆಸ್ ಬೋರ್ಡ್ ಹರವಿದ ಕೂಡಲೇ ಮನೆಯಲ್ಲಿ ಮೊದಲ ಜಗಳ ಬಿಳಿ ಕಾಯಿಗೆ. ‘ನಂಗೆ ಬಿಳಿ’ ಅಂತ ಮೊದಲು ಕೂಗಿದವರಿಗೆ ಅರ್ಧ ಗೆದ್ದಷ್ಟು ಖುಷಿ. ಅದೇನೂ ಸುಮ್ನೆ ಅಲ್ಲ, ಮೊದಲ ನಡೆ ಬಿಳಿಯದ್ದು. ದೊಡ್ಡ ಆಟಗಾರರ ಲೆಕ್ಕ ತೆಗೆದರೂ ನೂರಕ್ಕೆ ಸುಮಾರು 54-55 ಅಂಕ ಬಿಳಿಯ ಪಾಲು. ಕಪ್ಪು ಬಂದರೆ ಗ್ರ್ಯಾಂಡ್‌ಮಾಸ್ಟರ್‌ಗಳೂ ಎಷ್ಟೋ ಸಲ ಡ್ರಾ ಆದ್ರೆ ಸಾಕಪ್ಪಾ ಅಂತಲೇ ಕೂರುತ್ತಾರೆ.

ಹಾಗಾಗಿ ಕಪ್ಪು ಗೆದ್ದ ಆಟಗಳೆಂದರೆ ನನಗೆ ಪ್ರೀತಿ ಜಾಸ್ತಿ. ಅದರಲ್ಲೂ 2013ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಝೀಯಲ್ಲಿ, ಟಾಟಾ ಸ್ಟೀಲ್ ಟೂರ್ನಿಯಲ್ಲಿ ನಡೆದದ್ದು. ಬಿಳಿ ಅರ್ಮೇನಿಯಾದ ಲೆವೊನ್ ಅರೋನಿಯನ್, ಕಪ್ಪು ನಮ್ಮ ವಿಶ್ವನಾಥನ್ ಆನಂದ್. 23 ನಡೆಗೆ ಆಟ ಮುಗಿದಿತ್ತು.

13ನೇ ನಡೆಗೆ ಬಿಳಿ ಕುದುರೆ ಕಪ್ಪು ರಾಜನ ಮಗ್ಗುಲಿನ ಕಾಲಾಳನ್ನು ತಿಂದಿತು. ನಾವಾಗಿದ್ದರೆ ಎದೆ ಧಸಕ್ ಅನ್ನುತ್ತಿತ್ತು. ಆನಂದ್ ತಿರುಗಿಯೂ ನೋಡದೆ ತಮ್ಮ ಕುದುರೆಯನ್ನು ಬಿಳಿ ರಾಜನ ಬಾಗಿಲಿಗೆ ಕಳಿಸಿದರು. ಇನ್ನೊಂದು ಕುದುರೆಯನ್ನು ಬೋರ್ಡಿನ ನಡುವೆ, ಬಿಳಿ ಕಾಲಾಳಿನ ಬಾಯಿಗೇ ತಂದಿಟ್ಟರು. ಅತ್ತ ಬಿಳಿ ಕುದುರೆ, ಬೇಲಿ ಹಾರಿ ಬಂದ ಪಕ್ಕದ ಮನೆ ಹಸುವಿನ ಹಾಗೆ, ಮೇಯುತ್ತಲೇ ಇತ್ತು. ಒಂದು ಆನೆಯನ್ನೂ ತಿಂದಿತು! ಅದಕ್ಕೆ ಕಪ್ಪಿನ ಉತ್ತರ ಒಂದು ಕಾಲಾಳಿನ ನಡೆ. ಅಷ್ಟೇ. ಎಂಥಾ ಧೈರ್ಯ ಅಲ್ವಾ?

ಕೊನೆಯ ನಡೆ ಮಾತ್ರ ನಿಧಾನವಾಗಿ ನೋಡಬೇಕು. ಬಿಳಿ ರಾಜನ ಮುಂದೆ ಒಂದು ಕಾಲಾಳು. ಅದೇ ಸಾಲಿನಲ್ಲಿ ದೂರದಿಂದ ಬಿಳಿಯ ಮಂತ್ರಿ ಅದಕ್ಕೆ ಕಾವಲು. ಆನಂದ್ ತಮ್ಮ ಒಂಟೆಯನ್ನು ತಂದು ಇವೆರಡರ ನಡುವೆ ಅಡ್ಡ ಕೂರಿಸಿದರು. ಚೆಕ್ ಇಲ್ಲ, ಹೊಡೆತ ಇಲ್ಲ. ಮಂತ್ರಿ ಆ ಒಂಟೆಯನ್ನು ತಿಂದರೆ ಮಂತ್ರಿಯೇ ಹೋಗುತ್ತದೆ. ಸುಮ್ಮನಿದ್ದರೆ ಮೇಟ್. ಅರೋನಿಯನ್ ಸೋಲೊಪ್ಪಿ ಕೈ ಕುಲುಕಿದರು.

ಇದರಲ್ಲಿ ಒಂದಷ್ಟು ಭಾಗ, 2012ರಲ್ಲಿ ಇಸ್ರೇಲಿನ ಗೆಲ್ಫಾಂಡ್ ಎದುರಿನ ವಿಶ್ವ ಚಾಂಪಿಯನ್‌ಶಿಪ್‌ಗೆ ಆನಂದ್ ಮಾಡಿಟ್ಟ ತಯಾರಿ. ‘ಕಂಪ್ಯೂಟರ್ ಹೇಳಿಕೊಟ್ಟದ್ದು ಬಿಡಿ’ ಅಂತ ಮೂಗು ಮುರಿಯುವವರು ಇರುತ್ತಾರೆ. ಇರಲಿ. ಆನಂದ್ ಮಾಡಿದ ಹಾಗೇ ಎರಡು ಒಂಟೆಗಳನ್ನೂ ರಾಜನ ಮೇಲೆ ಗುರಿಯಿಟ್ಟು, ಮಂತ್ರಿಯನ್ನೇ ಬಿಟ್ಟುಕೊಟ್ಟು ಹಳೇ ಕಾಲದ ದೊಡ್ಡ ಆಟಗಾರ ರೂಬಿನ್‌ಸ್ಟೈನ್ ಎದುರಾಳಿ ರೊಟ್ಲೆವಿಯನ್ನು ಸೋಲಿಸಿದ್ದು 1907ರಲ್ಲಿ, ಈಗಿನ ಪೋಲೆಂಡಿನ ಲೋಡ್ಜ್‌ನಲ್ಲಿ. ಆಗ ಯಾವ ಕಂಪ್ಯೂಟರ್ ಇತ್ತು? ರೂಬಿನ್‌ಸ್ಟೈನ್ ಕೂಡ ಕೂತದ್ದು ಕಪ್ಪಿನ ಕಡೆಗೇ.