ಕುಂಕುಮ ಇಟ್ಕೊಂಡು ಹೋಗ್ಲಿ

"ನಿನ್ನ ಹೆಂಡ್ತಿಗೆ ಹೇಳು, ಹೊರಗೆ ಹೋಗುವಾಗ ಕುಂಕುಮ ಇಟ್ಕೊಂಡು ಹೋಗ್ಲಿ. ನಾವು ಅವರಲ್ಲ ಅಂತ ಗೊತ್ತಾಗುತ್ತೆ." 2017ರ ಫೆಬ್ರವರಿಯಲ್ಲಿ ಚಿಕ್ಕಮ್ಮ ಫೋನಿನಲ್ಲಿ ಹೇಳಿದ ಈ ಮಾತು ಇನ್ನೂ ಚುಚ್ಚುತ್ತದೆ. ಪಾಪ, ಕಾಳಜಿಯಿಂದಲೇ ಹೇಳಿದ್ದು.

ನಾವಿರುವುದು ಅಮೆರಿಕದ ಕ್ಯಾನ್ಸಸ್‌ನಲ್ಲಿ. ಆ ತಿಂಗಳ 22ರಂದು ಪಕ್ಕದ ಒಲೇಥಾದ ಬಾರೊಂದರಲ್ಲಿ, ಕೆಲಸ ಮುಗಿಸಿ ಕೂತಿದ್ದ ಇಬ್ಬರು ಭಾರತೀಯ ಇಂಜಿನಿಯರುಗಳಿಗೆ ಒಬ್ಬ ನನ್ನ ದೇಶ ಬಿಟ್ಟು ತೊಲಗಿ ಅಂತ ಬೈದು ಗುಂಡು ಹಾರಿಸಿದ. ಒಬ್ಬರು ಸತ್ತರು. ತಡೆಯಲು ಹೋದ 24 ವರ್ಷದ ಬಿಳಿ ಹುಡುಗನಿಗೂ ಗುಂಡು ಬಿತ್ತು.

ಕೊಂದವನು ಅವರನ್ನು ಇರಾನಿನವರು ಅಂದುಕೊಂಡಿದ್ದ. ಅದು ಗೊತ್ತಾದದ್ದೇ ತಡ, ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಒಂಥರಾ ಸಮಾಧಾನ. "ಓ, ತಪ್ಪು ತಿಳ್ಕೊಂಡು ಹೊಡೆದಿದ್ದಾ." ಅಂದ್ರೆ ನಿಜವಾಗ್ಲೂ ಇರಾನಿನವರೇ ಆಗಿದ್ದರೆ ಪರವಾಗಿರಲಿಲ್ವಾ? ಕೇಳಿದೆ. ಯಾರೂ ಉತ್ತರಿಸಲಿಲ್ಲ. ಮಾವ ಒಬ್ಬರು ಮಾತ್ರ "ಅಷ್ಟೊತ್ತಲ್ಲಿ ಬಾರಿಗೆ ಯಾಕೆ ಹೋಗಬೇಕಿತ್ತು" ಅಂದರು. ಆಗಿನ್ನೂ ಸಂಜೆ ಏಳು ಗಂಟೆ!

ಅದೇ ವಾರ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಆರು ವರ್ಷದಲ್ಲಿ ಕೈ ಬೀಸಿದ್ದು ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ. ಕೈಯಲ್ಲಿ ಫಾಯಿಲ್ ಮುಚ್ಚಿದ ಟ್ರೇ, ಒಳಗೆ ಇನ್ನೂ ಬಿಸಿಯಿದ್ದ ಬ್ರೆಡ್ಡು. ನನ್ನ ಹೆಸರು ಹೇಳಲು ಎರಡು ಸಲ ಒದ್ದಾಡಿ, ಕೈಬಿಟ್ಟು, ನಾಚಿಕೆ ಆಗ್ತಿದೆ ನನಗೆ ಅಂದರು. ಯಾವ ಧರ್ಮ, ಬಾರಿಗೆ ಯಾಕೆ, ಒಂದನ್ನೂ ಕೇಳಲಿಲ್ಲ.

ನಮ್ಮವರು ಹೀಗೆ ಯಾರ ಮನೆ ಬಾಗಿಲಿಗಾದರೂ ಹೋಗಿದ್ದಾರಾ? ಹಿಂದಿನ ವರ್ಷ, 2016ರ ಜನವರಿ ಕೊನೆಗೆ, ಬೆಂಗಳೂರಿನ ಹೆಸರಘಟ್ಟ ಕಡೆ ಸುಡಾನಿನ ಒಬ್ಬನ ಕಾರು ಗುದ್ದಿ ಹೆಂಗಸೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ಅವನಿಗೂ ಇವಳಿಗೂ ಮೈಬಣ್ಣ ಬಿಟ್ಟರೆ ಏನು ಸಂಬಂಧ? ಆಗಿನ ಗೃಹ ಸಚಿವರು ಇದು ಜನಾಂಗ ದ್ವೇಷ ಅಲ್ಲ, ಅಪಘಾತದ ಸಿಟ್ಟು ಅಂದರು. ನಮ್ಮ ಗುಂಪಿನಲ್ಲಿ "ಅವರೆಲ್ಲ ಡ್ರಗ್ಸ್ ಮಾರ್ತಾರೆ ಬಿಡಿ" ಅಂತ ಬಂತು. ನಾನೂ ಓದಿ ಸುಮ್ನಾದೆ.

ಹಾಗಂತ ಇಲ್ಲಿ ಎಲ್ಲರೂ ಆ ಅಜ್ಜಿಯ ಥರ ಇಲ್ಲ. ಆಫೀಸಿನಲ್ಲಿ ಒಬ್ಬ ಕಾಫಿ ಕಲಕುತ್ತಾ "ಅವರಿಗೆ ವೀಸಾ ಇತ್ತು ತಾನೇ?" ಅಂತ ಕೇಳಿದ. ಗುಂಡು ಹಾರಿಸಿದವನೂ ಅದನ್ನೇ ಕೇಳಿದ್ದ. ಇನ್ನು ಸತ್ತವರ ಹೆಂಡತಿಯ ವೀಸಾ ಗಂಡನ ವೀಸಾಕ್ಕೆ ಅಂಟಿಕೊಂಡದ್ದು, ಅವರ ಜೊತೆ ಅದೂ ಹೋಯಿತು. ಅಂತ್ಯಕ್ರಿಯೆಗೆ ಭಾರತಕ್ಕೆ ಹೋದ ಆಕೆ ವಾಪಸ್ ಬರಲು ಇಲ್ಲಿನ ಸಂಸದರೊಬ್ಬರು ಓಡಾಡಬೇಕಾಯಿತು. ಗಾಯಗೊಂಡ ಆ ಹುಡುಗ ಮನೆ ಕೊಳ್ಳಲಿ ಅಂತ ಒಂದು ಲಕ್ಷ ಡಾಲರ್ ಕೂಡಿಸಿಕೊಟ್ಟವರು ಹ್ಯೂಸ್ಟನ್ನಿನ ನಮ್ಮ ಭಾರತೀಯರೇ, ಅದನ್ನೂ ಹೇಳಬೇಕು.

ಚಿಕ್ಕಮ್ಮ ಆ ತಿಂಗಳು ಮುಗಿಯುವ ತನಕ ದಿನಾ ಫೋನ್ ಮಾಡಿದರು, ಇಲ್ಲಿ ಬೆಳಗಾಗುವುದನ್ನೇ ಕಾದು. ಕುಂಕುಮದ ಮಾತಿಗೆ ನಾನು ರೇಗಿದ್ದೆ. ಹೆಂಡತಿ ಮಾತ್ರ ಒಂದು ವಾರ ಹಣೆಗೆ ಇಟ್ಕೊಂಡೇ ಅಂಗಡಿಗೆ ಹೋದಳು. ನೋಡಿದೆ, ಬೇಡ ಅನ್ನಲಿಲ್ಲ.