ಪರ-ವಿರೋಧ: ‘ನನಗೆ ಗೊತ್ತಿಲ್ಲ’ ಎಂದು ನಾಯಕ ತಂಡದ ಮುಂದೆ ಒಪ್ಪಿಕೊಳ್ಳಬೇಕೆ?

ಪರ: ಒಪ್ಪಿಕೊಳ್ಳಲೇಬೇಕು

1977ರ ಮಾರ್ಚ್ 27. ಕ್ಯಾನರಿ ದ್ವೀಪಗಳ ಟೆನೆರಿಫ್ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಡಚ್ ಸಂಸ್ಥೆ ಕೆಎಲ್‌ಎಂನ ವಿಮಾನ ಟೇಕಾಫ್‌ಗೆ ಹೊರಟೇಬಿಟ್ಟಿತ್ತು. ಅದೇ ರನ್‌ವೇಯಲ್ಲಿ ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ವಿಮಾನವೂ ಇತ್ತು. ಕೆಎಲ್‌ಎಂ ಕ್ಯಾಪ್ಟನ್ ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವಷ್ಟು ಹಿರಿಯರು. ‘ಆ ಪ್ಯಾನ್ ಆಮ್ ವಿಮಾನ ರನ್‌ವೇ ಬಿಟ್ಟಿಲ್ಲವೇ?’ ಎಂಬ ಅರ್ಥದಲ್ಲಿ ಫ್ಲೈಟ್ ಎಂಜಿನಿಯರ್ ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಕೆಲವೇ ಸೆಕೆಂಡುಗಳಲ್ಲಿ ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಜನ ಸತ್ತರು.

ಮಂಜು, ರೇಡಿಯೋದಲ್ಲಿನ ಗೊಂದಲ ಎಲ್ಲವೂ ಕಾರಣವೇ. ಆದರೆ ನನ್ನನ್ನು ಕಾಡುವುದು ಆ ಪ್ರಶ್ನೆ. ಎಂಜಿನಿಯರ್‌ಗೆ ಅನುಮಾನ ಬಂದಿತ್ತು, ಒಮ್ಮೆ ಕೇಳುವ ಧೈರ್ಯವನ್ನೂ ಮಾಡಿದರು. ಎರಡನೇ ಸಲ ಕೇಳುವ ಧೈರ್ಯವನ್ನು ಕೊಡಬೇಕಾದವರು ಮೇಲಿನವರು. ಮೇಲಿನವರು ಎಂದೂ ‘ನನಗೆ ಗೊತ್ತಿಲ್ಲ’ ಎನ್ನದಿದ್ದರೆ ಕೆಳಗಿನವರು ತಮಗೆ ಗೊತ್ತಿರುವುದನ್ನೂ ನುಂಗಿಕೊಳ್ಳುತ್ತಾರೆ.

ಮುಂದಿನ ವರ್ಷಗಳಲ್ಲಿ ವಿಮಾನಯಾನ ಕ್ಷೇತ್ರ ಈ ಪಾಠವನ್ನು ತರಬೇತಿಯಾಗಿಯೇ ರೂಪಿಸಿತು. ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂದು ಹೆಸರಾಯಿತು. ಅದರ ಬೆಲೆ ಗೊತ್ತಾಗಿದ್ದು 1989ರ ಜುಲೈ 19ರಂದು. ಯುನೈಟೆಡ್ 232 ವಿಮಾನದ ಬಾಲದ ಎಂಜಿನ್ ಸಿಡಿದು ವಿಮಾನವನ್ನು ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಕೈಕೊಟ್ಟವು. ಅಂಥ ವಿಮಾನವನ್ನು ಹಾರಿಸುವುದು ಹೇಗೆಂದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ಗೊತ್ತಿರುವವರಂತೆ ನಟಿಸಲಿಲ್ಲ. ಜೊತೆಯವರನ್ನೆಲ್ಲ ಕೇಳಿದರು. ಪ್ರಯಾಣಿಕರಾಗಿ ಬಂದಿದ್ದ ತರಬೇತುದಾರ ಡೆನ್ನಿ ಫಿಚ್ ಅವರನ್ನು ಕಾಕ್‌ಪಿಟ್‌ಗೆ ಕರೆಸಿ ಎಂಜಿನ್‌ಗಳ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್‌ಗಳನ್ನೇ ಅವರ ಕೈಗೆ ಒಪ್ಪಿಸಿದರು. ಇದ್ದ 296 ಜನರಲ್ಲಿ 184 ಮಂದಿ ಬದುಕಿದರು. ಕಾಕ್‌ಪಿಟ್‌ನಲ್ಲಿ ಎಲ್ಲರದೂ ಸೇರಿ 103 ವರ್ಷಗಳ ಅನುಭವವಿತ್ತು, ಅದರಲ್ಲಿ ಒಂದು ನಿಮಿಷವೂ ಈ ಸ್ಥಿತಿಯ ಅಭ್ಯಾಸವಾಗಿರಲಿಲ್ಲ ಎಂದು ಹೇನ್ಸ್ ಮುಂದೆ ಹೇಳುತ್ತಿದ್ದರು. ಇಂಥ ಮನುಷ್ಯನ ಕೈಕೆಳಗೆ ಕೆಲಸ ಮಾಡಲು ನಾನು ಎಂದಿಗೂ ಸಿದ್ಧ.

ವಿರೋಧ: ಎಲ್ಲರ ಮುಂದೆ ಬೇಡ

ಹೇನ್ಸ್ ಕೇಳಿದ್ದು ಯಾರನ್ನು? ಉತ್ತರ ಹುಡುಕಬಲ್ಲ ಕೆಲವೇ ಜನರನ್ನು. ‘ಏನು ಮಾಡಬೇಕೋ ತೋಚುತ್ತಿಲ್ಲ’ ಎಂದು ಹಿಂದೆ ಕುಳಿತವರಿಗೆ ಹೇಳಿದ್ದರೆ ಯಾರಿಗೆ ಏನು ಉಪಯೋಗವಿತ್ತು? ಸಲಹೆ ಕೇಳುವುದು ಬೇರೆ, ತನ್ನ ಎದೆಯ ಭಾರವನ್ನು ತಂಡದ ತಲೆಗೆ ಕಟ್ಟುವುದು ಬೇರೆ. ಎರಡನೆಯದನ್ನು ಪ್ರಾಮಾಣಿಕತೆ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

1916ರ ಏಪ್ರಿಲ್‌ನಲ್ಲಿ ಅಂಟಾರ್ಕ್ಟಿಕಾದ ಎಲಿಫೆಂಟ್ ದ್ವೀಪದಲ್ಲಿ 22 ಜನ ಉಳಿದರು. ಅವರ ಹಡಗು ‘ಎಂಡ್ಯೂರೆನ್ಸ್’ ಮಂಜುಗಡ್ಡೆಗೆ ಸಿಕ್ಕಿ ಹಿಂದಿನ ವರ್ಷವೇ ಮುಳುಗಿತ್ತು. ಅನ್ವೇಷಣಾ ತಂಡದ ನಾಯಕ ಶ್ಯಾಕಲ್‌ಟನ್ ಐವರನ್ನು ಕರೆದುಕೊಂಡು ಸಣ್ಣ ದೋಣಿಯಲ್ಲಿ ನೆರವು ತರಲು ಹೊರಟಿದ್ದರು. ದ್ವೀಪದಲ್ಲಿ ಹೊಣೆ ಹೊತ್ತ ಫ್ರ್ಯಾಂಕ್ ವೈಲ್ಡ್‌ಗೆ ಆ ದೋಣಿ ದಡ ಸೇರಿತೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಆದರೂ ಅವರು ಬೆಳಿಗ್ಗೆ ಎದ್ದು, ಹಾಸಿಗೆ ಸುತ್ತಿಡಿ, ಬಾಸ್ ಇವತ್ತೇ ಬಂದಾರು ಎನ್ನುತ್ತಿದ್ದರು. ನಾಲ್ಕು ತಿಂಗಳು ದಾಟಿತು. ಆಗಸ್ಟ್ 30ರಂದು ಹಡಗು ಬಂದಾಗ 22 ಜನರೂ ಜೀವಂತವಾಗಿದ್ದರು. ವೈಲ್ಡ್ ಸುಳ್ಳು ಹೇಳಲಿಲ್ಲ, ‘ಬಂದಾರು’ ಎಂದರು ಅಷ್ಟೇ. ಬರದಿರಬಹುದು ಎಂಬ ಇನ್ನರ್ಧವನ್ನು ತಾವೇ ಇಟ್ಟುಕೊಂಡರು.

1944ರ ಜೂನ್ 5ರ ಸಂಜೆ, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್‌ನ ನಾರ್ಮಂಡಿ ಕರಾವಳಿಯ ಮೇಲಿನ ದಾಳಿಯ ಹಿಂದಿನ ದಿನ, ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಪ್ಯಾರಾಟ್ರೂಪರ್‌ಗಳ ನಡುವೆ ಹೋಗಿ ಹರಟಿದರು. ಸೈನಿಕರಿಗೆ ಹಂಚಿದ ಸಂದೇಶದಲ್ಲಿ ಪೂರ್ಣ ಗೆಲುವಿನ ಮಾತೇ ಇತ್ತು. ಅನುಮಾನವೆಲ್ಲ ಪರ್ಸ್‌ನೊಳಗಿನ ಒಂದು ಚೀಟಿಯಲ್ಲಿತ್ತು: ದಾಳಿ ಸೋತರೆ ಹೊರಡಿಸಬೇಕಾದ ಹೇಳಿಕೆ. ತಪ್ಪೇನಿದ್ದರೂ ಅದು ತನ್ನೊಬ್ಬನದೇ ಎಂದು ಅದರಲ್ಲಿ ಬರೆದುಕೊಂಡಿದ್ದರು. ಮೊದಲು ‘ಸೈನಿಕರನ್ನು ವಾಪಸ್ ಕರೆಸಲಾಗಿದೆ’ ಎಂದು ಬರೆದು, ಅದನ್ನು ಹೊಡೆದುಹಾಕಿ, ‘ನಾನು ವಾಪಸ್ ಕರೆಸಿದ್ದೇನೆ’ ಎಂದು ತಿದ್ದಿದ್ದರು.